ಚಿಕ್ಕಮ್ಮನೂ ಮೋನಾಕನ ಬಾಯ್ಲರೂ

ನಮ್ಮ ಚಿಕ್ಕಮ್ಮನಿಗೆ ತಲೆ ಸರಿ ಇಲ್ಲ ಎಂದು ಬಂಟ್ವಾಳ ಪೇಟೆಯಲ್ಲಿ ಅರ್ಧ ಜನ ಹೇಳುತ್ತಾರೆ. ಉಳಿದ ಅರ್ಧ ಜನ ಹಾಗೆ ಹೇಳುವುದಿಲ್ಲ. ಯಾಕೆಂದರೆ ಅವರ ಮನೆಯ ಸೋಫಾವೋ ಕಪಾಟೋ ಬಾಗಿಲಲ್ಲಿ ಸಿಕ್ಕಿಬಿದ್ದು, ಒಳಗಿದ್ದವರು ಒಳಗೇ ಹೊರಗಿದ್ದವರು ಹೊರಗೇ ಬಾಕಿಯಾದಾಗ ಬಂದು ಬಿಡಿಸಿಕೊಟ್ಟವಳು ಇವಳೇ!

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ "ಅಳತೆ ಕೂಡಿ ಬರಲಿಲ್ಲ" ಅನ್ನುತ್ತಾಳೆ. ಮಂಗಳೂರಿನ ಒಂದು ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾಗಿ ಈಗ ನಮ್ಮ ಜೊತೆಗೇ ಇದ್ದಾಳೆ. ಹಡಗಿನಲ್ಲಿ ಸರಕು ಕಳಿಸುವವರಿಗೆ ಕಾಗದಪತ್ರ ಮಾಡಿಕೊಡುವುದು, ಯಾವ ಸರಕಿಗೆ ಯಾವ ಕಂಟೈನರ್ ಅಂತ ಗೊತ್ತು ಮಾಡುವುದು, ಇದು ಆ ಆಫೀಸಿನ ಕೆಲಸ. ಆಫೀಸಿನವರು ಬೀಳ್ಕೊಡುವಾಗ ಒಂದು ಗೋಡೆ ಗಡಿಯಾರ ಕೊಟ್ಟರು. ಅವಳು ಅದನ್ನು ಪಕ್ಕಕ್ಕಿಟ್ಟು, ತನ್ನ ಮೇಜಿನ ಡ್ರಾಯರಿನಲ್ಲಿದ್ದ ಕಬ್ಬಿಣದ ಅಳತೆ ಟೇಪನ್ನು ಕೇಳಿ ತಂದಳು. ಗಡಿಯಾರ ನಿಂತು ಎರಡು ವರ್ಷವಾಯಿತು. ಟೇಪಿಗೆ ಒಂದು ದಿನವೂ ರಜೆ ಇಲ್ಲ.

ಕಂಟೈನರ್ ಅಂದರೆ ಗೊತ್ತಲ್ಲ, ಹೆದ್ದಾರಿಯಲ್ಲಿ ಉದ್ದದ ಲಾರಿಗಳ ಮೇಲೆ ಹೋಗುವ ಆ ಕಬ್ಬಿಣದ ಪೆಟ್ಟಿಗೆ. ಎಲ್ಲ ಒಂದೇ ಅಂತ ನಾನು ತಿಳಿದಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಬಾಯಿ ತಪ್ಪಿ ಹಾಗೆಂದೂ ಬಿಟ್ಟೆ. "ಎಲ್ಲ ಪೆಟ್ಟಿಗೆಯೂ ಒಂದೇ ಅಲ್ವಾ ಚಿಕ್ಕಮ್ಮ, ಬಣ್ಣ ಮಾತ್ರ ಬೇರೆ."

ಅವಳು ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿದಳು. ಆಮೇಲೆ ನನ್ನ ಮೀನಿನ ಸಾರು ಆರಿ ತಣ್ಣಗಾಗುವವರೆಗೆ ಪಾಠ! ಸಾದಾ ಪೆಟ್ಟಿಗೆ ಬೇರೆ. ಅದಕ್ಕಿಂತ ಒಂದಡಿ ಎತ್ತರ ಇರುವ ಹೈ ಕ್ಯೂಬ್ ಬೇರೆ. ಮೇಲೆ ಮುಚ್ಚುವ ಮಾಡು ಇಲ್ಲದೆ ಟರ್ಪಾಲು ಹೊದೆಸುವುದು ಓಪನ್ ಟಾಪ್, ಬಾಗಿಲಲ್ಲಿ ಹೋಗದ ಎತ್ತರದ ಸಾಮಾನನ್ನು ಕ್ರೇನಿನಲ್ಲಿ ಮೇಲಿನಿಂದ ಇಳಿಸಲಿಕ್ಕೆ. ಮಾಡೂ ಇಲ್ಲದೆ, ಅಕ್ಕಪಕ್ಕದ ಗೋಡೆಯೂ ಇಲ್ಲದೆ, ದಪ್ಪ ನೆಲ ಮತ್ತು ತಲೆಯ ಕಡೆ ಒಂದು ಗೋಡೆ, ಕಾಲಿನ ಕಡೆ ಒಂದು ಗೋಡೆ, ಇಷ್ಟೇ ಇರುವುದು ಫ್ಲಾಟ್ ರ್ಯಾಕ್. ಭಾರವೂ ಹೆಚ್ಚು, ಅಗಲವೂ ಹೆಚ್ಚು ಇರುವ ಸಾಮಾನಿಗೆ ಅದು.

"ಗೊತ್ತಾಯ್ತಾ?"

"ಆಯ್ತು."

"ಹಾಗಾದರೆ ಹೇಳು, ನಿನ್ನನ್ನು ಯಾವುದರಲ್ಲಿ ಹಾಕಬೇಕು?"

ಹೆಂಡತಿ ನನ್ನ ಹೊಟ್ಟೆಯನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ "ಫ್ಲಾಟ್ ರ್ಯಾಕ್" ಅಂದಳು. ಒಂದೇ ಪಾಠಕ್ಕೆ ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿನಿ ಚಿಕ್ಕಮ್ಮನಿಗೆ ಬೇರೆ ಸಿಕ್ಕಿರಲಿಕ್ಕಿಲ್ಲ.

ಹೀಗೆ ಅವಳಿಗೆ ಲೋಕದಲ್ಲಿ ಇರುವುದು ಎರಡೇ ಜಾತಿ. ಹಿಡಿಸುವಂಥದ್ದು, ಹಿಡಿಸದಂಥದ್ದು. ನನ್ನ ತಂಗಿಯನ್ನು ನೋಡಲಿಕ್ಕೆ ಬೆಳ್ತಂಗಡಿ ತಾಲೂಕಿನ ಕಕ್ಕಿಂಜೆಯಿಂದ ಹುಡುಗ ಬಂದಿದ್ದ. ಮಸ್ಕತ್‌ನಲ್ಲಿ ಎಂಜಿನಿಯರು, ಒಳ್ಳೆಯ ಎತ್ತರದ ಆಸಾಮಿ. ನಮ್ಮದು ಹಳೆಯ ಮನೆ, ಬಾಗಿಲು ಗಿಡ್ಡ. ಒಳಗೆ ಬರುವಾಗಲೇ ಅವನ ಹಣೆ ದಾರಂದಕ್ಕೆ ಬಡಿದು "ಟಪ್" ಅಂತ ಶಬ್ದ ಬಂತು. ಅಪ್ಪ ನೀರಿಗೆ ಓಡಿದರು, ಅಮ್ಮ ಐಸಿಗೆ ಓಡಿದಳು. ಚಿಕ್ಕಮ್ಮ ಮಾತ್ರ ಕುರ್ಚಿಯಲ್ಲಿ ಕೂತಲ್ಲಿಂದಲೇ ತೃಪ್ತಿಯಿಂದ ತಲೆಯಾಡಿಸಿದಳು. "ಓವರ್ ಹೈಟ್! ಇವನಿಗೆ ಓಪನ್ ಟಾಪೇ ಆಗಬೇಕು."

ಆ ಹುಡುಗ ಹಣೆ ಉಜ್ಜಿಕೊಳ್ಳುತ್ತಾ, ಬಾಯಿ ಮುಚ್ಚಿ ಕೂರುವುದು ಬಿಟ್ಟು, "ಓಪನ್ ಟಾಪ್ ಅಂದರೆ ಎಂತದು ಆಂಟಿ?" ಅಂತ ಕೇಳಿದ. ಮುಗಿಯಿತು! ನಲವತ್ತು ನಿಮಿಷ! ಹುಡುಗ ಹುಡುಗಿ ಇಬ್ಬರೇ ಕೂತು ಮಾತಾಡಲಿ ಅಂತ ಅಮ್ಮ ತೆಗೆದಿಟ್ಟಿದ್ದ ಹೊತ್ತೆಲ್ಲ ಟರ್ಪಾಲಿನ ಕೆಳಗೆ ಹೋಯಿತು. ಸಂಬಂಧ ಕೈತಪ್ಪಿತು ಅಂತ ನಾವು ಅಂದುಕೊಂಡರೆ ಮರುದಿನವೇ ಒಪ್ಪಿಗೆ ಬಂತು. ಮದುವೆಯಾದ ಮೇಲೆ ತಂಗಿ ಗಂಡನನ್ನು ಕೇಳಿದಳಂತೆ, ಯಾಕೆ ಒಪ್ಪಿದಿರಿ ಅಂತ. "ಹುಡುಗಿ ನೋಡಲಿಕ್ಕೆ ಎಷ್ಟೋ ಮನೆಗೆ ಹೋಗಿದ್ದೆ. ಸಂಬಳ ಎಷ್ಟು ಅಂತ ಕೇಳದ ಒಬ್ಬರೇ ಒಬ್ಬರು ಸಿಕ್ಕಿದ್ದು ನಿಮ್ಮಲ್ಲಿ" ಅಂದನಂತೆ.

ಆ ಮದುವೆ ಮೂಡುಬಿದಿರೆ ಹತ್ತಿರ ತೋಡಾರಿನ ಒಂದು ಮದುವೆ ಹಾಲಿನಲ್ಲಿ. ಅಲಂಕಾರದವರು ಮದುಮಕ್ಕಳು ಕೂರಲಿಕ್ಕೆ ಸಿಂಹಾಸನದಂಥ ಸೋಫಾ ತಂದಿದ್ದರು. ಅದು ಹಾಲಿನ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತು. ಮುಹೂರ್ತಕ್ಕೆ ಒಂದು ಗಂಟೆ. ಮದುಮಗನ ಕಡೆಯವರೆಲ್ಲ ಹೊರಗೆ ಬಿಸಿಲಿನಲ್ಲಿ! ಚಿಕ್ಕಮ್ಮ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ವ್ಯಾನಿಟಿ ಬ್ಯಾಗಿನಿಂದ ಟೇಪು ತೆಗೆದು, ನೆಲದ ಮೇಲೆ ಮಲಗಿಯೇ ಬಿಟ್ಟಳು. "ಕಾಲು ಕಳಚಿ. ನೆಟ್ಟಗೆ ನಿಲ್ಲಿಸಿ. ಈಗ ತಿರುಗಿಸಿ. ಅಲ್ಲ, ಎಡಕ್ಕೆ. ನಿಮ್ಮ ಎಡ ಅಲ್ಲ ಮಾರಾಯ್ರೆ, ಸೋಫಾದ ಎಡ!" ಸೋಫಾ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಮದುವೆಯ ಆಲ್ಬಮಿನಲ್ಲಿ ಮದುಮಗ ಮಾಲೆ ಹಾಕುವ ಫೋಟೋ ನಾಲ್ಕುಂಟು. ಚಿಕ್ಕಮ್ಮ ನೆಲದಲ್ಲಿ ಮಲಗಿರುವುದು ಹನ್ನೊಂದು.

ಇಷ್ಟು ಹೇಳಿದ್ದು ಅವಳು ಎಂಥ ಹೆಂಗಸು ಅಂತ ನಿಮಗೆ ತಿಳಿಯಲಿ ಅಂತ. ಈಗ ಮೋನಾಕನ ಬಾಯ್ಲರಿಗೆ ಬರುತ್ತೇನೆ.

ಮೋನಾಕ ಕಲ್ಲಡ್ಕದವನು. ಹೆದ್ದಾರಿಯಿಂದ ಒಂದು ಕಿಲೋಮೀಟರ್ ಒಳಗೆ ಅವನ ವರ್ಕ್‌ಶಾಪ್ ಉಂಟು. ನಮ್ಮ ಮನೆಯ ಗೇಟು ಮಾಡಿದವನು ಅವನೇ. ಆದರೆ ಅವನ ನಿಜವಾದ ಕಸುಬು ಗೋಡಂಬಿ ಕಾರ್ಖಾನೆಯ ಯಂತ್ರ ಮಾಡುವುದು. ಹಸಿ ಗೇರುಬೀಜವನ್ನು ಹಬೆಯಲ್ಲಿ ಬೇಯಿಸದೆ ಸಿಪ್ಪೆ ಒಡೆಯಲಿಕ್ಕೆ ಆಗುವುದಿಲ್ಲ. ಆ ಹಬೆ ಮಾಡುವ ಬಾಯ್ಲರನ್ನು ಕಟ್ಟುವುದರಲ್ಲಿ ಮೋನಾಕನನ್ನು ಮೀರಿಸುವವರು ಈ ಸುತ್ತಿನಲ್ಲಿ ಇಲ್ಲ. ಹೀಗಿರುವಾಗ ಅವನಿಗೆ ಆಫ್ರಿಕಾದ ಟಾಂಜಾನಿಯಾದಿಂದ ಒಂದು ಆರ್ಡರು ಬಂತು. ಹೊರದೇಶದ ಮೊದಲ ಆರ್ಡರು! ಹದಿನಾಲ್ಕು ಜನ ಕೆಲಸಗಾರರನ್ನು ಇಟ್ಟುಕೊಂಡು, ಬೇರೆ ಕೆಲಸವನ್ನೆಲ್ಲ ಬೇಡ ಅಂದು, ಐದು ತಿಂಗಳು ಅದೊಂದನ್ನೇ ಕಟ್ಟಿದ. ಸರ್ಕಾರದ ತಪಾಸಣೆಯವರು ಬಂದು, ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿ, ಸೈ ಅಂತ ಮುದ್ರೆ ಒತ್ತಿ ಹೋದರು.

ಎಲ್ಲ ಆಯಿತು. ಒಂದನ್ನು ಮಾತ್ರ ಅವನು ಯೋಚಿಸಿರಲಿಲ್ಲ. ಇದನ್ನು ಕಳಿಸುವುದು ಹೇಗೆ?

ಒಂದು ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನು. "ಅಕ್ಕಾ, ನಿಮ್ಮ ಹತ್ತಿರ ಸ್ವಲ್ಪ ಕೇಳ್ಲಿಕ್ಕುಂಟು. ಬಾಯ್ಲರ್ ಕಂಟೈನರಿಗೆ ಹೋಗ್ತದಾ?"

"ಅಳತೆ ಹೇಳಿ."

"ಉದ್ದ ಹದಿನಾರಡಿ. ಅಗಲ ಎಂಟಡಿ ಮೂರು ಇಂಚು. ಎತ್ತರ ಒಂಬತ್ತಡಿ. ತೂಕ ಹನ್ನೊಂದು ಟನ್."

ಚಿಕ್ಕಮ್ಮ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿದ್ದೇ ಇಲ್ಲ! "ಕಾರು ತೆಗಿ. ಕಲ್ಲಡ್ಕಕ್ಕೆ ಹೋಗುವ."

"ಚಿಕ್ಕಮ್ಮ, ನಾನು ಅಂಗಡಿ ತೆರೆಯಬೇಕು." ಬಿ.ಸಿ. ರೋಡಿನಲ್ಲಿ ನನ್ನದೊಂದು ಚಪ್ಪಲಿ ಅಂಗಡಿ ಉಂಟು.

"ಜನ ಒಂದು ದಿನ ಹಳೆ ಚಪ್ಪಲಿಯಲ್ಲಿ ನಡೀತಾರೆ."

ನಾವು ಹೋಗುವಾಗ ವರ್ಕ್‌ಶಾಪಿನಲ್ಲಿ ಹಡಗಿನಲ್ಲಿ ಸರಕು ಕಳಿಸಿಕೊಡುವ ಮಂಗಳೂರಿನ ಏಜೆಂಟರೊಬ್ಬರು ಆಗಲೇ ಬಂದಿದ್ದರು. ಬಿಳಿ ಕಾರು, ಬಿಳಿ ಶರ್ಟು, ಎರಡೂ ಕೈಯಲ್ಲಿ ಫೋನು. ಬಾಯ್ಲರ್ ಅಂಗಳದ ನಡುವೆ, ಕೆಂಪು ಬಣ್ಣ ಬಳಿದುಕೊಂಡು, ಮಿಂದು ಬಂದ ಆನೆಯ ಹಾಗೆ ನಿಂತಿತ್ತು. ಏಜೆಂಟರು ಅದರ ಹೊಟ್ಟೆಗೆ ಎರಡು ಬಾರಿ ತಟ್ಟಿ ಪರಿಹಾರ ಹೇಳಿಯೇ ಬಿಟ್ಟರು. "ಈ ಎರಡು ಬದಿ ಹೊರಗೆ ಬಂದದ್ದನ್ನು ಗ್ಯಾಸ್ ಕಟರಿನಲ್ಲಿ ತೆಗೆಯುವ. ಮೇಲಿನದ್ದನ್ನೂ ತೆಗೆಯುವ. ಹೈ ಕ್ಯೂಬಿನಲ್ಲಿ ಆರಾಮ ಹೋಗ್ತದೆ. ಅಲ್ಲಿ ಹೋದ ಮೇಲೆ ಅವರು ವೆಲ್ಡ್ ಮಾಡಿಕೊಳ್ಳಲಿ."

ಮೋನಾಕನ ಮುಖ ಬಿಳುಚಿತು. ಹೊರಗೆ ಬಂದದ್ದು ಅಲಂಕಾರಕ್ಕೆ ಬಂದದ್ದಲ್ಲ, ಅದು ಬಾಯ್ಲರಿನ ಮೈಯೇ. ಒಮ್ಮೆ ಕತ್ತರಿಸಿದರೆ ಆ ಪರೀಕ್ಷೆಗೂ ಅರ್ಥವಿಲ್ಲ, ಮುದ್ರೆಗೂ ಅರ್ಥವಿಲ್ಲ.

"ಕತ್ತರಿಸಲಿಕ್ಕಿಲ್ಲ" ಅಂದಳು ಚಿಕ್ಕಮ್ಮ.

ಏಜೆಂಟರು ಆಗ ಅವಳನ್ನು ನೋಡಿದರು. ನೂಲಿನ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. "ನೀವು ಯಾರು ಆಂಟಿ?"

"ಅಳತೆ ತೆಗೆಯುವವಳು."

"ಸರಿ, ಕತ್ತರಿಸುವುದು ಬೇಡ. ಓಪನ್ ಟಾಪ್ ಮಾಡುವ. ಮೇಲಿನಿಂದ ಇಳಿಸಿದರಾಯ್ತು. ಟರ್ಪಾಲು ಸ್ವಲ್ಪ ಉಬ್ಬುತ್ತದೆ ಅಷ್ಟೆ. ಎಷ್ಟು ಸಲ ಮಾಡಿದ್ದೇನೆ ಆಂಟಿ!"

ಇದಕ್ಕೆ ಚಿಕ್ಕಮ್ಮ ಉತ್ತರ ಕೊಟ್ಟದ್ದು ಬಿದಿರಿನಲ್ಲಿ. ಹಿತ್ತಿಲಿನಲ್ಲಿದ್ದ ನಾಲ್ಕು ಬಿದಿರು ತರಿಸಿದಳು. ಟೇಪು ಹಿಡಿದು ಗುರುತು ಹಾಕಿ, ಪೆಟ್ಟಿಗೆಯ ಒಳಗಿನ ಉದ್ದ ಅಗಲ ಎಷ್ಟೋ ಅಷ್ಟಕ್ಕೇ ಒಂದು ಚೌಕಟ್ಟು ಕಟ್ಟಿಸಿದಳು. ಅಗಲ ಏಳಡಿ ಎಂಟು ಇಂಚು. ಎಂಟು ಜನ ಏಣಿ ಹತ್ತಿ ಅದನ್ನು ಬಾಯ್ಲರಿನ ತಲೆಯ ಮೇಲೆ ಹಿಡಿದರು. "ನಿಧಾನ ಇಳಿಸಿ" ಅಂದಳು. ಚೌಕಟ್ಟು ಬಾಯ್ಲರಿನ ತಲೆ ದಾಟಿತು, ಭುಜ ದಾಟಿತು, ಹೊಟ್ಟೆಯ ಹತ್ತಿರ ಬಂದು ಕೂತುಬಿಟ್ಟಿತು. ಡೊಳ್ಳುಹೊಟ್ಟೆಯವನಿಗೆ ಬಾಲ್ಯದ ಬೆಲ್ಟು ತೊಡಿಸಿದ ಹಾಗೆ!

"ಏಳು ಇಂಚು" ಅಂದಳು ಚಿಕ್ಕಮ್ಮ. "ಮೇಲಿನಿಂದ ಅಲ್ಲ, ಆಕಾಶದಿಂದ ಇಳಿಸಿದರೂ ಏಳು ಇಂಚು ಏಳು ಇಂಚೇ. ಇದಕ್ಕೆ ಫ್ಲಾಟ್ ರ್ಯಾಕ್ ಬೇಕು. ಇಪ್ಪತ್ತಡಿಯದ್ದು."

ಏಜೆಂಟರು ಎರಡೂ ಫೋನನ್ನು ಒಂದೇ ಕಿಸೆಗೆ ಹಾಕಿದರು. "ಮೇಡಂ" ಅಂದರು. ಗಮನಿಸಿ, ಆಂಟಿ ಹೋಗಿ ಮೇಡಂ ಬಂತು! "ಮೇಡಂ, ಫ್ಲಾಟ್ ರ್ಯಾಕ್ ಮಂಗಳೂರಿಗೆ ತರಿಸುವುದು ಭಾರೀ ಕಷ್ಟ. ಪಕ್ಕಕ್ಕೆ ಚಾಚಿಕೊಳ್ಳುವ ಸರಕು ಅಂದರೆ ಅದರ ಬದಿಯಲ್ಲಿ ಬೇರೆ ಪೆಟ್ಟಿಗೆ ಇಡ್ಲಿಕ್ಕೂ ಆಗುವುದಿಲ್ಲ. ಹಡಗಿನವರು ಸುಲಭಕ್ಕೆ ಒಪ್ಪುವುದಿಲ್ಲ."

"ಕಷ್ಟ ಅಂದಿರಿ. ಇಲ್ಲ ಅನ್ನಲಿಲ್ಲ ಅಲ್ವಾ?"

ಮರುದಿನದಿಂದ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಏಜೆಂಟರಿಗೆ ಚಿಕ್ಕಮ್ಮನ ಫೋನು. ಒಂದೇ ಶಬ್ದ. "ಬಂತಾ?" ಆ ಕಡೆಯಿಂದಲೂ ಒಂದೇ ಶಬ್ದ. "ಇಲ್ಲ." ಭಾನುವಾರವೂ ಬಿಡಲಿಲ್ಲ. ವಾರ ಕಳೆದ ಮೇಲೆ ಏಜೆಂಟರು ಉಪಾಯ ಮಾಡಿ ಫೋನನ್ನು ಹೆಂಡತಿಯ ಕೈಗೆ ಕೊಡತೊಡಗಿದರು. ಅದರಿಂದ ಆದದ್ದು ಇಷ್ಟೇ. ಆ ಹೆಂಗಸಿನ ಅಡುಗೆಮನೆಗೆ ಹೊಸ ಫ್ರಿಜ್ಜು ಹಿಡಿಸುತ್ತದೋ ಇಲ್ಲವೋ ಅಂತ ಚಿಕ್ಕಮ್ಮ ಫೋನಿನಲ್ಲೇ ಅಳತೆ ಹೇಳಿಸಿಕೊಂಡು ತೀರ್ಮಾನ ಕೊಟ್ಟಳು. ಅಲ್ಲಿಗೆ ಆ ಹೆಂಗಸು ನಮ್ಮ ಪಕ್ಷ! "ನಿಮಗೊಂದು ಫ್ಲಾಟ್ ರ್ಯಾಕ್ ತರಿಸ್ಲಿಕ್ಕೆ ಆಗುವುದಿಲ್ವಾ?" ಅಂತ ಮನೆಯೊಳಗಿಂದಲೂ ಏಜೆಂಟರಿಗೆ ಶುರುವಾಯಿತು.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಟಾಂಜಾನಿಯಾದವರು ತಿಂಗಳ ಕೊನೆಯ ಹಡಗಿಗೆ ಬಾಯ್ಲರ್ ಹತ್ತದಿದ್ದರೆ ಬೇಡವೇ ಬೇಡ ಅಂತ ಬರೆದರು. ಅಲ್ಲಿ ಗೇರುಬೀಜದ ಕಾಲ ಶುರುವಾಗುವುದರೊಳಗೆ ಅವರಿಗೆ ಕಾರ್ಖಾನೆ ತೆರೆಯಬೇಕು. ಉಳಿದದ್ದು ಹನ್ನೆರಡು ದಿನ. ಮೋನಾಕ ಒಳ್ಳೆಯ ಮನುಷ್ಯ, ಗಟ್ಟಿ ಮನುಷ್ಯ. ಆದರೆ ಹದಿನಾಲ್ಕು ಜನರ ಮುಖವನ್ನು ದಿನಾ ನೋಡಬೇಕಾದವನು ಅವನು.

"ಅಕ್ಕ" ಅಂತ ಫೋನು ಮಾಡಿದ. "ಇನ್ನು ಸಾಧ್ಯ ಇಲ್ಲ. ನಾನು ಕತ್ತರಿಸಿಯೇ ಬಿಡ್ತೇನೆ."

ನಾವು ಹೋಗುವಾಗ ಗ್ಯಾಸ್ ಕಟರ್ ಹೊರಗೆ ಬಂದಿತ್ತು. ಮೋನಾಕ ಬಾಯ್ಲರಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಗೆರೆ ಸೊಟ್ಟಗಾಗಿತ್ತು. ಕೆಲಸಗಾರರು ಯಾರೂ ಹತ್ತಿರ ಇರಲಿಲ್ಲ. ನೋಡಲಾರದೆ ಎಲ್ಲರೂ ಹಿಂದಿನ ಶೆಡ್ಡಿಗೆ ಹೋಗಿದ್ದರು.

ಚಿಕ್ಕಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಆ ಸೀಮೆಸುಣ್ಣದ ಗೆರೆಯ ಎದುರಿಗೆ ಹಾಕಿ ಕೂತಳು.

"ಎದ್ದೇಳಿ ಅಕ್ಕ."

"ಇಲ್ಲ."

"ನನ್ನ ಸ್ಥಿತಿ ನಿಮಗೆ ಗೊತ್ತಿಲ್ಲ."

"ಗೊತ್ತುಂಟು ಮೋನಾಕ. ನೀವು ಒಂದು ಹೇಳಿ. ಅಲ್ಲಿ ಯಾರೋ ಇದನ್ನು ಪುನಃ ವೆಲ್ಡ್ ಮಾಡ್ತಾರೆ. ಹೇಗೆ ಮಾಡ್ತಾರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದರಲ್ಲಿ ಹಬೆ ತುಂಬಿದ ಮೇಲೆ ಬದಿಯಲ್ಲಿ ನಿಲ್ಲುವುದು ಯಾರು?"

ಮೋನಾಕ ಸೀಮೆಸುಣ್ಣವನ್ನು ನೆಲಕ್ಕೆ ಇಟ್ಟ.

"ಇಲ್ಲಿನ ಗೋಡಂಬಿ ಫ್ಯಾಕ್ಟರಿಗಳಲ್ಲಿ ಯಾರು ನಿಲ್ತಾರೆ?"

"ಹೆಂಗಸರು" ಅಂದ ಮೋನಾಕ. "ನನ್ನ ಉಮ್ಮ ಇಪ್ಪತ್ತು ವರ್ಷ ನಿಂತಿದ್ದರು."

"ಪೆಟ್ಟಿಗೆಗೆ ಹಿಡಿಸಬೇಕು ಅಂತ ಸರಕನ್ನು ಕತ್ತರಿಸುವುದಲ್ಲ ಮೋನಾಕ. ಸರಕಿಗೆ ತಕ್ಕ ಪೆಟ್ಟಿಗೆಯನ್ನು ಹುಡುಕುವುದು. ಮೂವತ್ತು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ. ಇನ್ನು ನಾಲ್ಕು ದಿನ ಕೊಡಿ."

ಮೋನಾಕ ಹೆಗಲ ಮೇಲಿದ್ದ ಟವೆಲಿನಿಂದ ಸೀಮೆಸುಣ್ಣದ ಗೆರೆಯನ್ನು ಒರೆಸಿದ. ಅದೇ ಟವೆಲಿನಿಂದ ಮುಖವನ್ನೂ ಒರೆಸಿಕೊಂಡ. ಮುಖವೆಲ್ಲ ಬಿಳಿ! ಶೆಡ್ಡಿನಿಂದ ಹೊರಗೆ ಬಂದ ಕೆಲಸಗಾರರು ಅವನನ್ನು ನೋಡಿ ನಕ್ಕರು. ಆ ವಾರದಲ್ಲಿ ಅಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಮೂರನೆಯ ದಿನ ಹತ್ತು ಗಂಟೆಗೆ ಚಿಕ್ಕಮ್ಮ ಫೋನು ಮಾಡುವ ಮೊದಲೇ ಏಜೆಂಟರ ಫೋನು ಬಂತು. "ಬಂತು ಮೇಡಂ! ಬಂತು!" ಅಂತ ಕಿರುಚಿದ್ದು ನನಗೂ ಕೇಳಿಸಿತು. ಬೇರೆ ಬಂದರಿನಿಂದ ಎರಡು ಫ್ಲಾಟ್ ರ್ಯಾಕ್ ಬಂದಿಳಿದಿದ್ದವು. ನಮಗೆ ಒಂದು ಗೊತ್ತು ಮಾಡಿದ್ದರು. ಎಲ್ಲರೂ ಖುಷಿಯಾಗಿ ಬಂದರಿನ ಪಕ್ಕ, ಪಣಂಬೂರಿನ ಕಂಟೈನರ್ ಯಾರ್ಡಿಗೆ ನೋಡಲಿಕ್ಕೆ ಹೋದೆವು. ಮೋನಾಕ ಕಲ್ಲಡ್ಕದಿಂದ ಲಡ್ಡು ಬೇರೆ ತಂದಿದ್ದ. ಚಿಕ್ಕಮ್ಮ ಫ್ಲಾಟ್ ರ್ಯಾಕಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಅಡಿ ನೋಡಿದಳು. ನೆಲದ ಹಲಗೆಗೆ ಹಿಮ್ಮಡಿಯಿಂದ ಕುಟ್ಟಿದಳು. ಸರಪಳಿ ಕಟ್ಟುವ ಬಳೆಗಳನ್ನು ಒಂದೊಂದಾಗಿ ಎಳೆದು ನೋಡಿದಳು.

"ಇದು ಬೇಡ."

ಏಜೆಂಟರು ಲಡ್ಡುವನ್ನು ಬಾಯಿಗಿಟ್ಟವರು ಹಾಗೆಯೇ ನಿಂತರು.

"ಎರಡು ಹಲಗೆ ಕೊಳೆತಿದೆ. ಈ ಬಳೆ ಸೀಳಿದೆ. ಹನ್ನೊಂದು ಟನ್ ಸಮುದ್ರದಲ್ಲಿ ಓಲಾಡುವಾಗ ಈ ಬಳೆ ನನ್ನ ಕಿವಿಯ ಬೆಂಡೋಲೆಯಷ್ಟೂ ಹಿಡಿಯುವುದಿಲ್ಲ. ಇನ್ನೊಂದು ಉಂಟಲ್ಲ, ಅದನ್ನು ತೋರಿಸಿ."

"ಮೇಡಂ, ಅದು ಬೇರೆಯವರಿಗೆ..."

"ಅವರ ಸರಕು ಎಂತದು?"

"ಖಾಲಿ ನೀರಿನ ಟ್ಯಾಂಕು. ಹಗುರ. ಹೋಗುವುದು ಮುಂದಿನ ತಿಂಗಳು."

"ಹಾಗಾದರೆ ಇದನ್ನು ರಿಪೇರಿ ಮಾಡಿ ಅವರಿಗೆ ಕೊಡ್ಲಿಕ್ಕೆ ನಿಮಗೆ ಬೇಕಾದಷ್ಟು ದಿನ ಉಂಟು." ಸಂಜೆಯೊಳಗೆ ಎರಡನೆಯದು ನಮ್ಮದಾಯಿತು. ಏಜೆಂಟರಿಗೆ ಆ ಲಡ್ಡು ಕೊನೆಗೆ ಸಿಹಿಯಾಯಿತೋ ಇಲ್ಲವೋ ನಾನು ಕೇಳಲಿಲ್ಲ.

ಇಷ್ಟಕ್ಕೆ ಬಿಟ್ಟಳಾ? ಭಾರ ಒಂದೇ ಕಡೆ ಕೂರದೆ ನೆಲಕ್ಕೆಲ್ಲ ಹರಡಲಿ ಅಂತ ಬಾಯ್ಲರಿನ ಅಡಿಗೆ ಮರದ ತೊಲೆ ಹಾಕಬೇಕು. ಮೋನಾಕ ತನ್ನ ಹಿತ್ತಿಲಿನ ಹಲಸಿನ ತೊಲೆಗಳನ್ನು ಪ್ರೀತಿಯಿಂದ ತಂದಿಟ್ಟ. ಕಬ್ಬಿಣದಂಥ ಮರ! ಚಿಕ್ಕಮ್ಮ ಅದನ್ನೂ ಬೇಡ ಅಂದಳು. "ಇವುಗಳಿಗೆ ಪಾಸ್‌ಪೋರ್ಟ್ ಇಲ್ಲ."

"ತೊಲೆಗೂ ಪಾಸ್‌ಪೋರ್ಟಾ ಅಕ್ಕ?"

ನೋಡಿದರೆ ನಿಜವೇ! ಬೇರೆ ದೇಶಕ್ಕೆ ಹೋಗುವ ಮರದಲ್ಲಿ ಹುಳ ಹೋಗಬಾರದು ಅಂತ ಅದನ್ನು ಬಿಸಿ ಮಾಡಿ ಮುದ್ರೆ ಒತ್ತಬೇಕಂತೆ. ಹಲಸಿನ ತೊಲೆಗಳು ಒಂದು ದಿನ ಬೈಕಂಪಾಡಿಗೆ ಹೋಗಿ ಬೆವರು ಸುರಿಸಿ, ಮುದ್ರೆ ಒತ್ತಿಸಿಕೊಂಡು ಬಂದವು. ನನ್ನ ಪಾಸ್‌ಪೋರ್ಟಿಗೆ ಎರಡು ತಿಂಗಳು ಹಿಡಿದಿತ್ತು.

ಆಮೇಲೆ ದಾರಿ. ತಗ್ಗಿನ ಟ್ರೈಲರಿನ ಮೇಲೆ ಕೂತ ಬಾಯ್ಲರ್ ನೆಲದಿಂದ ಹನ್ನೆರಡೂವರೆ ಅಡಿ. ದಾರಿಯಲ್ಲಿ ಎಲ್ಲಾದರೂ ವಯರು ತಾಗಿದರೆ? ಬಾಯ್ಲರ್ ಹೊರಡುವ ಮೊದಲೇ ದಾರಿ ನೋಡಲಿಕ್ಕೆ ಅಂತ ಚಿಕ್ಕಮ್ಮ ಒಂದು ಪಿಕಪ್ ಗಾಡಿಗೆ ನೆಲದಿಂದ ಹದಿಮೂರಡಿ ಬರುವ ಹಾಗೆ ಬಿದಿರು ಕಟ್ಟಿಸಿದಳು. ತುದಿಗೆ ಕಾಣಿಸಲಿ ಅಂತ ಒಂದು ಕೆಂಪು ಬಟ್ಟೆ. ಅದರ ಬುಡದಲ್ಲಿ ಕುರ್ಚಿ ಹಾಕಿ, ತಲೆಗೆ ಸೆರಗು ಹೊದ್ದು ತಾನೇ ಕೂತಳು. ಪಿಕಪ್ ನಡೆಯುವವರಿಗಿಂತ ನಿಧಾನ. ಹಿಂದೆ ನನ್ನ ಕಾರು. ಅದರ ಹಿಂದೆ ಮೋನಾಕನ ಸ್ಕೂಟರು. ನೋಡಿದವರಿಗೆ ಇದು ಏನು ಅಂತ ಹೇಗೆ ಗೊತ್ತಾಗಬೇಕು? ಪಾಣೆಮಂಗಳೂರಿನಲ್ಲಿ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದರು. ಫರಂಗಿಪೇಟೆಯಲ್ಲಿ ಒಬ್ಬರು ನನ್ನ ಕಾರಿನ ಕಿಟಕಿಗೆ ಬಗ್ಗಿ, "ಯಾವ ಪಾರ್ಟಿ?" ಅಂತ ಕೇಳಿದರು. "ಪಾರ್ಟಿ ಅಲ್ಲ, ಬಾಯ್ಲರ್" ಅಂದೆ. "ಹೊಸದಾ?" ಅಂದರು.

ಐದು ಕಡೆ ಟಿವಿ ಕೇಬಲು ಬಿದಿರಿಗೆ ತಾಗಿತು. ಐದು ಕಡೆಯೂ ಕೇಬಲಿನವರನ್ನು ಕರೆಸಿ, ಅವರು ಏಣಿ ಹತ್ತಿ ಎತ್ತಿ ಕಟ್ಟುವವರೆಗೆ ಚಿಕ್ಕಮ್ಮ ಅಲ್ಲಿಂದ ಅಲುಗಲಿಲ್ಲ. ಭಾನುವಾರ ಬೆಳಿಗ್ಗೆ ಬೆಳಕು ಹರಿಯುವಾಗ ನಿಜವಾದ ಬಾಯ್ಲರ್ ಹೊರಟಿತು. ಕಲ್ಲಡ್ಕದಿಂದ ಪಣಂಬೂರಿನವರೆಗೆ ಒಂದು ಎಲೆಯೂ ತಾಗಲಿಲ್ಲ.

ಯಾರ್ಡಿನಲ್ಲಿ ಕ್ರೇನ್ ಅದನ್ನು ಎತ್ತಿ ಫ್ಲಾಟ್ ರ್ಯಾಕಿನ ಮೇಲೆ, ತೊಲೆಗಳ ನಡುಮಧ್ಯಕ್ಕೆ ಇಳಿಸಿತು. ಸರಪಳಿ ಬಿಗಿಯುವಾಗ ಚಿಕ್ಕಮ್ಮನ ಸ್ವರ ಯಾರ್ಡಿಗೆಲ್ಲ ಕೇಳುತ್ತಿತ್ತು. "ನೇರ ಅಲ್ಲ, ಅಡ್ಡ ಕಟ್ಟಿ! ಆ ಮೂಲೆಯದು ಈ ಮೂಲೆಗೆ! ಇನ್ನೂ ಎರಡು ಹಾಕಿ!" ಕೊನೆಗೆ ಎರಡೂ ಕೈಯಲ್ಲಿ ಬಾಯ್ಲರನ್ನು ಜೋರಾಗಿ ನೂಕಿ ನೋಡಿದಳು. ಹನ್ನೊಂದು ಟನ್ನನ್ನು! ಅಲುಗಲಿಲ್ಲ. ಅವಳಿಗೆ ಸಮಾಧಾನವಾಯಿತು.

ಆ ಬಾಯ್ಲರ್ ಸುಸೂತ್ರವಾಗಿ ಟಾಂಜಾನಿಯಾ ತಲುಪಿತು. ಅದರ ಎದುರು ಸಾಲಾಗಿ ನಿಂತ ಹೆಂಗಸರ ಫೋಟೋ ಮೋನಾಕನ ಫೋನಿಗೆ ಬಂತು. ಅವನಿಗೆ ಅಲ್ಲಿಂದಲೇ ಇನ್ನೊಂದು ಆರ್ಡರೂ ಬಂತು. ಈ ಸಲ ಅವನು ಕಬ್ಬಿಣ ಕತ್ತರಿಸುವ ಮೊದಲೇ ಚಿಕ್ಕಮ್ಮನಿಗೆ ಫೋನು ಮಾಡಿದ.

ಆದರೆ ನಾನು ಒಂದು ವಿಷಯ ಹೇಳಲು ಬಾಕಿ ಉಂಟು. ಅದು ಸರಪಳಿ ಬಿಗಿದು ಮುಗಿದ ಆ ದಿನದ್ದೇ.

ಯಾರ್ಡಿನ ಮೇಲ್ವಿಚಾರಕರು ವಯಸ್ಸಾದವರು. ಅಷ್ಟು ಹೊತ್ತೂ ದೂರದಲ್ಲಿ ನಿಂತು ಇವಳ ಸ್ವರವನ್ನೇ ಕೇಳುತ್ತಿದ್ದರು. ಹತ್ತಿರ ಬಂದು, ಇವಳು ಕೆಲಸ ಮಾಡುತ್ತಿದ್ದ ಆಫೀಸಿನ ಹೆಸರು ಹೇಳಿ, "ನೀವು ಅಲ್ಲಿನ ಮೇಡಮ್ಮಾ?" ಅಂತ ಕೇಳಿದರು. "ಹೌದು" ಅಂದಳು. ಅವರು ತಮ್ಮ ಹೆಸರು ಹೇಳಿದರು. ಚಿಕ್ಕಮ್ಮ "ಅಯ್ಯೋ!" ಅಂದಳು. ಇಪ್ಪತ್ತು ವರ್ಷಕ್ಕೂ ಮೇಲೆ ಇಬ್ಬರೂ ದಿನಾ ಫೋನಿನಲ್ಲಿ ಪೆಟ್ಟಿಗೆಗಳ ನಂಬರು ಹೇಳಿಕೊಂಡು, ಜಗಳ ಮಾಡಿಕೊಂಡು ಬಂದವರು. ಒಬ್ಬರ ಮುಖ ಒಬ್ಬರು ನೋಡಿದ್ದು ಆವತ್ತು!

"ಅಷ್ಟು ವರ್ಷದಲ್ಲಿ ನೀವು ಒಮ್ಮೆಯೂ ಈ ಕಡೆ ಬರಲೇ ಇಲ್ಲವಲ್ಲ ಮೇಡಂ?"

ಚಿಕ್ಕಮ್ಮ ಟೇಪನ್ನು ಚೀಲದೊಳಗೆ ಹಾಕಿದಳು. "ಆಫೀಸಿನಲ್ಲಿ ಕಳಿಸಲಿಲ್ಲ. ಬಂದರಿನಲ್ಲಿ ಹೆಂಗಸರಿಗೆ ಎಂತ ಕೆಲಸ ಅಂತ ಹೇಳ್ತಿದ್ದರು. ಗಂಡಸರು ಬರ್ತಿದ್ದರು. ನಾನು ಕಾಗದ ಮಾಡ್ತಿದ್ದೆ."

ನಾನು ಅವಳ ಮುಖ ನೋಡಿದೆ. ಊಟಕ್ಕೆ ಕೂತಾಗೆಲ್ಲ ಹಡಗಿನ ಹೊಟ್ಟೆ ಎಷ್ಟು ಆಳ, ಪೆಟ್ಟಿಗೆಗಳನ್ನು ಒಂದರ ಮೇಲೊಂದು ಹೇಗೆ ಇಡುತ್ತಾರೆ ಅಂತ ಕಣ್ಣಿಗೆ ಕಟ್ಟುವ ಹಾಗೆ ಹೇಳಿದ್ದಾಳೆ. ಅಲ್ಲೇ ನಿಂತು ನೋಡಿದವಳು ಅಂತಲೇ ನಾವೆಲ್ಲ ತಿಳಿದಿದ್ದೆವು. ನೋಡಿದ್ದೀಯಾ ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಹಡಗು ಬಂತು. ಮೇಲ್ವಿಚಾರಕರು ಓಡಾಡಿ ಚಿಕ್ಕಮ್ಮನಿಗೂ ಮೋನಾಕನಿಗೂ ನನಗೂ ಬಂದರಿನ ಒಳಗೆ ಹೋಗುವ ಪಾಸು ಮಾಡಿಸಿಕೊಟ್ಟರು. ಚಿಕ್ಕಮ್ಮನ ಸೀರೆಯ ಮೇಲೆ ಕಿತ್ತಳೆ ಬಣ್ಣದ ಅಂಗಿ, ತಲೆಗೆ ಹಳದಿ ಹೆಲ್ಮೆಟು. ಶೆಡ್ಡಿನ ಮೂಲೆ ತಿರುಗಿದ ಕೂಡಲೇ ಎದುರಿಗೆ ಹಡಗು. ಅದು ಹಡಗು ಅಂತ ನನಗೆ ಮೊದಲು ಗೊತ್ತೇ ಆಗಲಿಲ್ಲ. ಒಂದು ಬೀದಿಯಷ್ಟು ಉದ್ದದ ನೀಲಿ ಗೋಡೆ, ತಲೆ ಎತ್ತಿದಷ್ಟೂ ಮೇಲಕ್ಕೆ.

ಚಿಕ್ಕಮ್ಮ ನಿಂತುಬಿಟ್ಟಳು.

"ಇಷ್ಟು ದೊಡ್ಡದಾ?" ಅಂದಳು.

"ನಿನಗೆ ಅಳತೆ ಗೊತ್ತಿತ್ತಲ್ಲ ಚಿಕ್ಕಮ್ಮ."

"ಅಳತೆ ಗೊತ್ತಿತ್ತು ಮಾರಾಯ." ಅವಳು ನನ್ನ ಕೈ ಹಿಡಿದುಕೊಂಡಳು. ಗಟ್ಟಿಯಾಗಿ, ಬಸ್ಸಿನ ಕಂಬಿ ಹಿಡಿದ ಹಾಗೆ. "ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ."

ಕ್ರೇನ್ ನಮ್ಮ ಫ್ಲಾಟ್ ರ್ಯಾಕನ್ನು ಎತ್ತಿತು. ಕೆಂಪು ಬಾಯ್ಲರ್ ನಿಧಾನಕ್ಕೆ ಮೇಲೇರಿ, ಬಿಸಿಲಿಗೆ ಒಮ್ಮೆ ಮಿಂಚಿ, ನೀಲಿ ಗೋಡೆಯ ಆಚೆಗೆ ಇಳಿಯಿತು. ಮೋನಾಕ ಎರಡೂ ಅಂಗೈ ಎತ್ತಿ ದುವಾ ಮಾಡಿದ. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ಪಾಸಿನ ಹೊತ್ತು ಮುಗಿದಿತ್ತು.

"ಹೋಗುವನಾ ಚಿಕ್ಕಮ್ಮ?"

ಅವಳು ಕತ್ತು ಇಳಿಸಲಿಲ್ಲ, ಕೈಯನ್ನೂ ಬಿಡಲಿಲ್ಲ.

"ಇನ್ನು ಸ್ವಲ್ಪ ನಿಲ್ಲುವ" ಅಂದಳು.

ಮೇಲ್ವಿಚಾರಕರು ಆ ಕಡೆ ತಿರುಗಿ, ಫೋನಿನಲ್ಲಿ ಯಾರಿಗೋ ಏನೋ ಹೇಳುವವರ ಹಾಗೆ ಮಾಡುತ್ತಾ ದೂರ ಹೋದರು. ನಾವು ನಿಂತೆವು.